ಅಕ್ಕನ ಎಂಟು ಅಂಕಿ

ಸೋಮವಾರ

ನನ್ನ ಮುದ್ದು ಅಕ್ಕಾ,

ನಿನ್ನ ಸಂಖ್ಯೆ ಒಡೆಯುವುದೇ ಇಲ್ಲವಂತೆ, ನಿನ್ನಲ್ಲಿ ಯಾವ ದೋಷವೂ ಇರಲಿಲ್ಲವಂತೆ, ಕುಣಿದುಬಿಡು!

ಮದುವೆಯಾದ ಮೇಲೆ ಒಂದು ಸಾಲೂ ಬರೆಯಲಿಲ್ಲವೆಂದು ಬೈಯಬೇಡ. ಇಲ್ಲಿ ಸುಖಪಡುವುದಕ್ಕೇ ಪುರುಸೊತ್ತಿಲ್ಲ! ಇಂಗ್ಲಿಷ್ ಸ್ಕೂಲಿನ ನನ್ನ ಕನ್ನಡ ನೋಡಿ ನಗಲೂಬೇಡ. ಈಗ ಮನೆಯಲ್ಲೇ ಕರಡು ತಿದ್ದುವವರಿದ್ದಾರೆ. ಇವರು ಪ್ರೆಸ್ಸಿನಿಂದ ಬರುವಾಗ ಬೆರಳ ತುದಿಯೆಲ್ಲ ಕೆಂಪು ಶಾಯಿ. ಅದನ್ನು ಒರೆಸುವುದು ನನ್ನ ಕೆಲಸ. ಎಷ್ಟು ಚೆಂದದ ಕೆಲಸ ಅಲ್ವಾ?

ನಿನ್ನೆ ತಿಂಡಿ ತಿನ್ನುತ್ತಾ ಅತ್ತೆಗೆ ನಮ್ಮ ಮನೆಯ ಪದ್ಧತಿ ವಿವರಿಸಿದೆ. ಗಡಿಯಾರ ರಿಪೇರಿ ಮಾಡುವ ಅಪ್ಪನಿಗೆ ಹುಟ್ಟಿದ ಗಂಟೆ, ನಿಮಿಷ ಸಿಕ್ಕರೆ ಸಾಕು. ಹುಡುಗಿಯದರ ಪಕ್ಕ ಹುಡುಗನದನ್ನು ಬರೆದರೆ ಒಂದು ದೊಡ್ಡ ಸಂಖ್ಯೆ. ಅದು ಅವಿಭಾಜ್ಯವಾದರೆ ಮದುವೆ. ಯಾವುದಾದರೂ ಭಾಗಿಸಿದರೆ, "ಇಬ್ಬರ ಮಧ್ಯೆ ಮೂರನೆಯವರು ಬರ್ತಾರೆ, ಬೇಡ." ಅಕ್ಕನನ್ನು ಒಪ್ಪಿದ್ದ ಇವರ ಸಂಬಂಧವನ್ನು ಏಳು ಒಡೆಯಿತು, ಹಾಗಾಗಿ ನನ್ನನ್ನು ಕೊಟ್ಟರು ಎಂದೆ.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮಪ್ಪ ನಮಗೆ ಸೊಸೇನ ಕೊಟ್ರೋ, ಭಾಗಿಸಿ ಮಿಕ್ಕಿದ್ದನ್ನ ಕೊಟ್ರೋ?"

ಜಂಬಕ್ಕೆ ನಮ್ಮದನ್ನು ಫೋನಿಗೆ ಹಾಕಿದೆ. ನನ್ನದು 19:12, ಇವರದು 12:27. ಅಂದರೆ 19121227. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: 137 × 139571! ಅಪ್ಪ ನೂರರ ತನಕ ಭಾಗಿಸಿ ನೋಡಿ ಸುಸ್ತಾಗಿ ಬಿಟ್ಟಿರಬೇಕು. ನನಗೆ ನಗು ತಡೆಯಲಾಗಲಿಲ್ಲ.

"ಅಕ್ಕನದನ್ನ ಹಾಕು" ಅಂದರು ಇವರು.

ಅಪ್ಪ ಹೇಳಿ ಹೇಳಿ ಬಾಯಿಪಾಠವಾಗಿದೆಯಲ್ಲ, 2201227 ಒತ್ತಿದೆ. ಏಳರಿಂದ ಸಲೀಸಾಗಿ ಭಾಗವಾಯಿತು.

"ಏಳೇ ಅಂಕಿ ಇದೆ. ಅವಳು ಹುಟ್ಟಿದ್ದು ಇಪ್ಪತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಒಂದು ಸೊನ್ನೆ ಎಲ್ಲಿ?" ಎಂದರು ಇವರು.

ಅಕ್ಕಾ, ನನ್ನದನ್ನು ಆಗಷ್ಟೇ ಕೇಳಿ ತಿಳಿದವರು ನಿನ್ನದನ್ನು ಮರೆತೇ ಇಲ್ಲ!

20201227. ಎರಡು ಕೋಟಿ ಎರಡು ಲಕ್ಷ ಒಂದು ಸಾವಿರದ ಇನ್ನೂರ ಇಪ್ಪತ್ತೇಳು. ಏಳರಿಂದ ಭಾಗಿಸಿದರೆ ನಾಲ್ಕು ಮಿಗುತ್ತದೆ. ಒಂದನ್ನೂ ತನ್ನನ್ನೂ ಬಿಟ್ಟರೆ ಇನ್ಯಾವುದಕ್ಕೂ ಅದು ಜಗ್ಗುವುದಿಲ್ಲ. ಇವರು ಪೇಪರಿನ ಅಂಚಿನಲ್ಲಿ ಅದನ್ನು ಕೆಂಪು ಪೆನ್ನಿನಿಂದ ಬರೆದು, ಅಪ್ಪ ನುಂಗಿದ ಸೊನ್ನೆಗೆ ಗುರುತು ಹಾಕಿದರು. ಆಮೇಲೆ ತಿಂಡಿ ಮುಟ್ಟಲಿಲ್ಲ.

ಬಂದ ಗಂಡುಗಳನ್ನೆಲ್ಲ "ನಾನು ಒಡಕು" ಅಂತ ವಾಪಸ್ ಕಳಿಸುತ್ತಿದ್ದೆಯಲ್ಲ, ಇನ್ನು ಹಾಗನ್ನಬೇಡ. ಅಪ್ಪನಿಗೆ ಮಾತ್ರ ಹೇಳಬೇಡ, ಪಾಪ, ಕುಗ್ಗಿಹೋಗುತ್ತಾರೆ.

ನಿನಗೆ ಕೆನ್ನೆ ತುಂಬ ಮುತ್ತು. ನನ್ನ ಸಂಸಾರ ಚೆನ್ನಾಗಿರಲಿ ಅಂತ ಒಮ್ಮೆ ಮನಸಾರೆ ಹರಸು.

ನಿನ್ನ
ಪುಟ್ಟಿ

ಮರೆತಿದ್ದೆ: ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಇವರು, "ತಪ್ಪು ಕಂಡ ಮೇಲೆ ತಿದ್ದದೆ ಬಿಡೋದು ನನ್ನ ಕೈಲಾಗಲ್ಲ" ಅಂದರು. ತಮಾಷೆಯೆಂದು ನಕ್ಕೆ. ಅತ್ತೆ ನಗಲಿಲ್ಲ, ಅಟ್ಟದಿಂದ ನನ್ನ ಪೆಟ್ಟಿಗೆ ಇಳಿಸಿದರು. ಇವರು ನನಗೆ ತಂದಿರುವ ಟಿಕೆಟ್ಟು ನಮ್ಮೂರಿಗೆ ಬರುವುದಕ್ಕೆ ಮಾತ್ರ, ವಾಪಸ್ ಹೋಗುವುದಕ್ಕಿಲ್ಲ. "ಅವಳು ಈಗಲೂ ನನ್ನನ್ನ ಒಪ್ತಾಳಾ, ನೀನೇ ಕೇಳಿ ಬರಿ" ಎಂದಿದ್ದಾರೆ. ಅದಕ್ಕೇ ಈ ಕಾಗದ. ಒಪ್ಪಬೇಡ ಅಕ್ಕಾ. ಸ್ಟೇಷನ್ನಿಗೆ ಅಪ್ಪನನ್ನು ಕಳಿಸಬೇಡ, ನೀನೇ ಬಾ. ಗುರುವಾರ, ಮಧ್ಯಾಹ್ನದ ಪ್ಯಾಸೆಂಜರ್ ರೈಲು.