ನನ್ನ ಕಾಲು, ನಿನ್ನ ಕ್ಲಾಸು

ನನ್ನ ಮುದ್ದು ಮೊಮ್ಮಗಳಿಗೆ,

ಎದುರಿಗೆ ಹೇಳಿದರೆ ನನ್ನ ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ನಿನ್ನ ಇಂಗ್ಲಿಷ್ ನೋಟ್‌ಬುಕ್ಕಿನಲ್ಲೇ ಈ ಕಾಗದ ಇಡುತ್ತಿದ್ದೇನೆ.

ಅದರಲ್ಲಿ ಕಾರಣ, ಪರಿಣಾಮ ಜೋಡಿಸುವ ಅಭ್ಯಾಸಕ್ಕೆ ನೀನು ಬರೆದ ಕೊನೆಯ ವಾಕ್ಯವನ್ನು ಪಕ್ಕದ ಮನೆ ಟೈಲರಮ್ಮ ಓದಿ ಕನ್ನಡದಲ್ಲಿ ಹೇಳಿದಳು: “ಅಜ್ಜಿಯ ಕಾಲು ಮುರಿದದ್ದರಿಂದ ನಾನು ಕ್ಲಾಸು ಬಿಟ್ಟೆ.”

“ಇಂಗ್ಲಿಷೇನೋ ಸರಿಯಾಗೇ ಇದೆ ಕಣಜ್ಜಿ” ಅಂದಳು.

ಸರಿಯಂತೆ ಸರಿ! ಸ್ಟೂಲು ಹತ್ತಿ ಫ್ಯಾನು ಒರೆಸಲು ಹೋಗಿ ಬಿದ್ದವಳು ನಾನು. ಅದಕ್ಕೆ ನಿನ್ನ ಓದು ಯಾಕೆ ಕುಂಟಬೇಕು? ಈಗ ಕೋಲು ಹಿಡಿದು ಒಲೆಯವರೆಗೆ ನಡೆಯುತ್ತೇನೆ. ಸಂಜೆ ನಿನ್ನ ಕ್ಲಾಸು ಮುಗಿಯುವವರೆಗೆ ಟೈಲರಮ್ಮ ಜೊತೆಗಿರುತ್ತಾಳೆ. ಸೋಮವಾರ ಕ್ಲಾಸಿಗೆ ಹೋಗು. “ಅಜ್ಜಿಯ ಕಾಲು ವಾಸಿಯಾಗುತ್ತಿದೆ, ಆದ್ದರಿಂದ ಮತ್ತೆ ಬಂದೆ” ಎಂದು ಬರೆದು ಮೇಡಂಗೆ ತೋರಿಸು. ಆಮೇಲೆ ನನಗೂ ತೋರಿಸು. ಇಂಗ್ಲಿಷ್ ಬಾರದಿದ್ದರೂ ಕೆಂಪು ರೈಟು ಗುರುತು ನನಗೆ ಚೆನ್ನಾಗಿ ಗೊತ್ತಾಗುತ್ತದೆ.

ಇತಿ,
ಇನ್ನು ಫ್ಯಾನಿನ ತಂಟೆಗೆ ಹೋಗದ
ನಿನ್ನ ಅಜ್ಜಿ