ಎಳೀತದೆ ಅಂದ ಗಾಡಿ

ಮಂಗಳೂರು
೮ ಡಿಸೆಂಬರ್ ೨೦೨೪, ಭಾನುವಾರ

ಕುಮಾರನಿಗೆ,

ಈಶಾನನ ನಮಸ್ಕಾರ. ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಅದನ್ನು ಓದಿಯೇ ನೀನು ಕಾಗದ ಮಡಚಿಬಿಟ್ಟರೆ ಎಂದು ಹೆದರಿ ಹೊಡೆದು ಹಾಕಿದೆ. ಮೂರು ವಾರ ತಡವಾಗಿದೆ, ಕ್ಷಮಿಸು. ಫೋನ್ ಮಾಡಲಿಲ್ಲ ಎಂದುಕೊಳ್ಳಬೇಡ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ವಾಟ್ಸಾಪಿನಲ್ಲಿ ಕಳಿಸಿದ ಹನ್ನೊಂದು ಮೆಸೇಜಿಗೂ ಒಂದೇ ಟಿಕ್. ಅದಕ್ಕೇ ಕಾಗದ. ಏಳನೇ ಕ್ಲಾಸಿನಲ್ಲಿ ಪರೀಕ್ಷೆಗೆಂದು 'ತಂದೆಗೆ ಪತ್ರ' ಬರೆದದ್ದು ಬಿಟ್ಟರೆ ನಾನು ಕನ್ನಡದಲ್ಲಿ ಕಾಗದ ಬರೆದವನೇ ಅಲ್ಲ. ಒತ್ತಕ್ಷರ ತಪ್ಪಿದ್ದರೆ ನಗು. ನೀನು ನಕ್ಕರೆ ನನಗೆ ಸಂತೋಷವೇ.

ನಿನ್ನಪ್ಪನ ಕೈ ಹೇಗಿದೆ? ಪ್ಲಾಸ್ಟರ್ ಬಿಚ್ಚಲು ಇನ್ನೂ ಮೂರು ವಾರ ಬೇಕಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ನೀನು ಈಗ ಬಸರೀಕಟ್ಟೆಯಲ್ಲಿ ಯಾರದೋ ತೋಟದ ಜೀಪಿಗೆ ಬೆಳಿಗ್ಗೆ ಆಳು ತುಂಬಿಕೊಂಡು ಹೋಗಿ ಸಂಜೆ ಇಳಿಸುವ ಕೆಲಸ ಮಾಡುತ್ತಿದ್ದೀಯ ಎಂದೂ ಹೇಳಿದಳು. 'ಪಾಪ, ಹೇಗೋ ಒಂದು ಕೆಲಸ ಸಿಕ್ಕಿತಲ್ಲ' ಎಂದಳು. ನನಗೆ ಅವಳ ಮೇಲೆ ಕೋಪ ಬಂತು. ಎಂಜಿನ್ನಿನ ಸದ್ದು ಕೇಳಿಯೇ ಯಾವ ಪ್ಲಗ್ ಸತ್ತಿದೆ ಎಂದು ಹೇಳುವವನಿಗೆ 'ಹೇಗೋ ಒಂದು ಕೆಲಸ'. ಅವಳ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭ ಎಂದೂ ಗೊತ್ತು.

ಇಲ್ಲಿ ಕಾಲೇಜು ನಡೆಯುತ್ತಿದೆ. ನಡೆಯುತ್ತಿದೆ, ಅಷ್ಟೇ. ವರ್ಕ್‌ಶಾಪ್ ಲ್ಯಾಬಿನಲ್ಲಿ ಅರ ಹಿಡಿದು ಕಬ್ಬಿಣದ ತುಂಡನ್ನು ಚೌಕ ಮಾಡಿಸುತ್ತಾರೆ. ಮೂರು ಸಲ ಮಾಡಿದರೂ ನನ್ನದು ಸೊಟ್ಟ. ವೈವಾದಲ್ಲಿ ಕೇಳಿದ್ದೊಂದಕ್ಕೆ ಇನ್ನೊಂದು ಹೇಳಿ ಬರುತ್ತೇನೆ. ರೂಮಿನ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಮೆಟ್ಟಿಲಿಳಿದವನು ಮತ್ತೆ ಹತ್ತಿ ನೋಡಿ ಬರುತ್ತೇನೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಇದ್ದವನಿಗೆ ಹಾಸ್ಟೆಲ್ ಹೊಸದೇನಲ್ಲ. ಆದರೂ ಈ ಸಲ ಏನೋ ಆಗಿದೆ.

ನೇರವಾಗಿ ಹೇಳುತ್ತೇನೆ. ಗಾಡಿ ವಿಷಯಕ್ಕೆ ಬರುತ್ತೇನೆ.

ಎಂಜಿನಿಯರಿಂಗ್ ಸೀಟು ಸಿಕ್ಕರೆ ಹಳೇ ಕಾರೊಂದು ಕೊಡಿಸುತ್ತೇನೆ, ಅದಕ್ಕೆ ಏನು ಬೇಕಾದರೂ ಮಾಡಿಕೋ ಎಂದು ಅಪ್ಪ ಹೇಳಿದಾಗ ನಾನು ಮೊದಲು ಓಡಿ ಬಂದದ್ದು ಕೊಪ್ಪಕ್ಕೆ, ನಿನ್ನ ಹತ್ತಿರ. ಗಣಪಯ್ಯನವರ ಗ್ಯಾರೇಜಿನಲ್ಲಿ ನೀನು ಒಂದು ಗಾಡಿಯ ಅಡಿಗೆ ಮಲಗಿದ್ದೆ. ಕಾಲು ಮಾತ್ರ ಕಾಣುತ್ತಿತ್ತು. ನಾನು ಆ ಕಾಲಿಗೇ ಎಲ್ಲ ಹೇಳಿದೆ: ಎಕ್ಸಾಸ್ಟ್, ಅಲಾಯ್ ವೀಲ್, ತಗ್ಗಿದ ಸಸ್ಪೆನ್ಷನ್. ಅಡಿಯಿಂದ ನಿನ್ನ ದನಿ ಬಂತು: 'ಮೊದ್ಲು ಬ್ರೇಕ್ ಮಾರಾಯ. ಸದ್ದು ಮಾಡೋದು ಆಮೇಲೆ ಮಾಡುವ.'

ಗೂಗಲ್ ಶೀಟಿನಲ್ಲಿ ಇಪ್ಪತ್ತೆರಡು ಕಾಲಂ ಮಾಡಿ ನಿನಗೆ ಕಳಿಸಿದ್ದೆ. ನೀನು ಬರೆದೆ: 'ಹೆಣ್ಣು ನೋಡೋಕೂ ಇಷ್ಟು ಕಾಲಂ ಇರಲ್ಲ.' ಆದರೂ ಮೂರು ಗಾಡಿಯನ್ನೂ ನಿನ್ನ ರಜೆಯ ದಿನ, ನಿನ್ನ ಬೈಕಿನಲ್ಲಿ ನೀನೇ ಹೋಗಿ ನೋಡಿ ಬಂದೆ. ಶೃಂಗೇರಿಯ ಲಾಡ್ಜಿನವರ ಬಿಳಿ ಡೀಸೆಲ್ ಗಾಡಿ: ಯಾತ್ರಿಕರನ್ನು ಹೊತ್ತು ಹೊತ್ತು ಸೀಟು ಗುಂಡಿ ಬಿದ್ದಿದೆ, ಎಂಜಿನ್ ಗಟ್ಟಿ, 'ಆದ್ರೆ ಅದ್ರಲ್ಲಿ ನೀನು ಕೂತ್ರೆ ಜನ ಕೈ ಅಡ್ಡ ಹಿಡಿದು ಬಾಡಿಗೆ ಕೇಳ್ತಾರೆ.' ಕೊಪ್ಪದ ಹತ್ತಿರದ ನಮ್ಮ ನಾರ್ವೆ ಊರಿನ ಬೂದು ಬಣ್ಣದ ಹ್ಯಾಚ್‌ಬ್ಯಾಕ್: ರಿಟೈರ್ ಆದ ಒಬ್ಬ ಕೃಷಿ ಅಧಿಕಾರಿಯದು. ಬಾನೆಟ್ಟಿನ ಬೋಲ್ಟಿಗೆ ಇನ್ನೂ ಸ್ಪ್ಯಾನರ್ ತಾಗಿಲ್ಲ, ನಾಲ್ಕೂ ಟೈರು ಒಂದೇ ಸಮ ಸವೆದಿದೆ, ಗಾಜಿನ ಮೇಲಿನ ವರ್ಷ ಎಲ್ಲ ಕಡೆ ಒಂದೇ, ಅಂದರೆ ಎಲ್ಲೂ ಗುದ್ದಿದ ಗಾಡಿಯಲ್ಲ. 'ಬಣ್ಣ ಮಾಸಿದೆ, ಅದು ಬಿಡು. ಇದ್ರ ಮೇಲೆ ಕೆಲಸ ಮಾಡಬಹುದು. ಎರಡು ವರ್ಷ ಇಬ್ರೂ ಸೇರಿ ಮಾಡುವ' ಎಂದಿದ್ದೆ ನೀನು. ಆ 'ಇಬ್ರೂ' ನನಗೆ ಇನ್ನೂ ನೆನಪಿದೆ.

ಮೂರನೆಯದು ನರಸಿಂಹರಾಜಪುರದ ಕೆಂಪು ಕಾರು. ಬ್ರೋಕರ್ ಸಂದೇಶನ ಹತ್ತಿರ ಇದ್ದದ್ದು. ಫೋಟೋ ನೋಡಿದ ದಿನವೇ ನನಗೆ ಬೇರೆ ಗಾಡಿ ಕಾಣಿಸುವುದು ನಿಂತುಹೋಯಿತು. ಹಿಂದೆ ಸ್ಪಾಯ್ಲರ್, ಒಳಗೆ ಕೆಂಪು ದಾರದ ಹೊಲಿಗೆ. ಸಂದೇಶ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ: 'ಶಿವಮೊಗ್ಗದವರು ನಾಳೆ ಬರ್ತಾರೆ, ಆಮೇಲೆ ನನ್ನ ಕೇಳಬೇಡಿ ಮಾರಾಯ್ರೆ.'

ನೀನು ಅದನ್ನು ನೋಡಿ ಫೋನ್ ಮಾಡಿದಾಗ ನಾನು ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. 'ಪಿಕಪ್ ಹೇಗಿದೆ? ಪುಲ್ಲಿಂಗ್ ಇದೆಯಾ?' ಎಂದು ಕೇಳಿದೆ. ನೀನು ಹೇಳಿದ್ದು ಇಷ್ಟೇ: 'ಎಳೀತದೆ ಮಾರಾಯ. ನೋಡ್ಕೊಂಡು ತಗೋ.'

ಎಳೀತದೆ. ನನ್ನ ತಲೆಯೊಳಗೆ ಅದು ಆ ಕ್ಷಣವೇ ಇಂಗ್ಲಿಷ್ ಆಯಿತು. ಇಟ್ ಪುಲ್ಸ್. ನಾನು ಯೂಟ್ಯೂಬಿನಲ್ಲಿ ನೋಡುವ ಎಲ್ಲ ಗಾಡಿಯವರೂ ಹೇಳುವ ಮಾತು ಅದು. ಅಂದರೆ ಶಕ್ತಿ ಇದೆ, ಕಾಲಿಟ್ಟರೆ ಹಾರುತ್ತದೆ. ತಟ್ಟೆ ಹಿಡಿದುಕೊಂಡೇ ಅಪ್ಪನಿಗೆ ಫೋನ್ ಮಾಡಿದೆ: 'ಕುಮಾರ ನೋಡಿದಾನೆ, ಚೆನ್ನಾಗಿ ಎಳೆಯುತ್ತಂತೆ, ಇದೇ ಇರಲಿ.' ಅಪ್ಪ ಮರುದಿನವೇ ಹೋಗಿ ಕಾರು ಮನೆಗೆ ತಂದರು. ನಿನಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಸರ್‌ಪ್ರೈಸ್ ಕೊಡೋಣ ಎಂದು.

ಗಾಡಿ ಏರು ಹತ್ತುವುದಕ್ಕೂ ಎಳೆಯುವುದಕ್ಕೂ ಇರುವ ವ್ಯತ್ಯಾಸ ಊರಿನಲ್ಲಿ ಬೆಳೆದ ಯಾರಿಗಾದರೂ ಗೊತ್ತಿರುತ್ತದೆ. ಶಕ್ತಿ ಇದ್ದರೆ ನೀವು 'ಹತ್ತುತ್ತದೆ' ಎನ್ನುತ್ತೀರಿ. 'ಎಳೀತದೆ' ಎಂದರೆ ಬ್ರೇಕ್ ಹಿಡಿದಾಗ ಒಂದು ಪಕ್ಕಕ್ಕೆ ಹೋಗುತ್ತದೆ, ಹಿಂದೆ ಎಲ್ಲೋ ಗುದ್ದಿದ ಗಾಡಿ, ಬಣ್ಣ ಹೊಡೆದು ಮುಚ್ಚಿದ್ದಾರೆ ಎಂದು. ಇಷ್ಟನ್ನೂ ನೀವು ಒಂದೇ ಮಾತಿನಲ್ಲಿ ಮುಗಿಸುತ್ತೀರಿ. ಸಿಟ್ಟಾಗಬೇಡ, ನೀನೂ ಇನ್ನೆರಡು ಮಾತು ಆಡಿದ್ದರೆ ಏನು ಹೋಗುತ್ತಿತ್ತು? 'ಎಡಕ್ಕೆ' ಎಂದು ಒಂದು ಪದ ಸೇರಿಸಿದ್ದರೆ? ಕಳೆದ ವಾರ ಇದನ್ನೇ ಯೋಚಿಸಿ ಯೋಚಿಸಿ ನಿನ್ನ ಮೇಲೆ ಸಿಟ್ಟು ಬರಿಸಿಕೊಂಡೆ. ಎರಡು ದಿನ ಆರಾಮಾಗಿ ಊಟ ಸೇರಿತು. ಆಮೇಲೆ ಅದೂ ಇಲ್ಲ.

ನವೆಂಬರ್ ಹದಿನೈದು, ಶುಕ್ರವಾರ ಏನಾಯಿತೆಂದು ನಿನಗೆ ನಿನ್ನಪ್ಪ ಹೇಳಿರಬೇಕು. ನನ್ನ ಬಾಯಿಂದಲೂ ಕೇಳು. ಕನಕ ಜಯಂತಿಯ ರಜೆಗೆ ಸೇರಿಸಿ ಊರಿಗೆ ಬಂದಿದ್ದೆ. ಹೊಸ ಗಾಡಿ, ಶೃಂಗೇರಿಯಲ್ಲಿ ಪೂಜೆ ಮಾಡಿಸಿಯೇ ಓಡಿಸಬೇಕು ಎಂದು ಅಪ್ಪನ ಹಟ. ಅವರು ಜೀಪಿನಲ್ಲಿ ಹಿಂದೆ ಬರುತ್ತೇನೆಂದು, ನನ್ನ ಪಕ್ಕಕ್ಕೆ ನಿನ್ನಪ್ಪನನ್ನು ಕೂರಿಸಿದರು: 'ಪುಟ್ಟಯ್ಯ, ನೀನು ಹೂವು-ಕಾಯಿ ಹಿಡ್ಕೊಂಡು ಕೂತ್ಕ.' ಪುಟ್ಟಯ್ಯ ನಮ್ಮ ತೋಟದ ಕೆಲಸ ಅರ್ಧಕ್ಕೇ ಬಿಟ್ಟು ಬಂದವನು, ಕಾಲಿನ ಮಣ್ಣು ತೊಳೆದುಕೊಂಡು, ಬುಟ್ಟಿ ತೊಡೆಯ ಮೇಲಿಟ್ಟು ಕೂತ. ಸೀಟು ಕೊಳೆಯಾಗುತ್ತದೆಂದು ತುದಿಯಲ್ಲೇ ಕೂತಿದ್ದ. ಬೆಲ್ಟ್ ಹಾಕಿಕೋ ಎಂದು ನಾನು ಹೇಳಲಿಲ್ಲ.

ಸ್ಟೇರಿಂಗ್ ಎಡಕ್ಕೆ ಜಾರುತ್ತಿತ್ತು. ರಸ್ತೆಯ ಓರೆ ಇರಬೇಕು ಎಂದುಕೊಂಡು ಬಲಕ್ಕೆ ಹಿಡಿದುಕೊಂಡೇ ಓಡಿಸಿದೆ. ಶೃಂಗೇರಿಗೆ ಇನ್ನು ಸ್ವಲ್ಪ ದೂರ ಇರುವಾಗ ಇಳಿಜಾರಿನ ತಿರುವಿನಲ್ಲಿ ಎದುರಿಗೆ ಪ್ರೈವೇಟ್ ಬಸ್ಸು ಬಂತು. ಬ್ರೇಕ್ ಹಿಡಿದೆ. ಗಾಡಿ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ ಎಡಕ್ಕೆ ಹೋಗಿ ಮೋರಿಯ ಕಟ್ಟೆಗೆ ಬಡಿಯಿತು. ನನಗೆ ಹಣೆಯಲ್ಲಿ ಒಂದು ಗೀರು. ನಿನ್ನಪ್ಪ ಬುಟ್ಟಿ ಬಿಡದೆ ಎಡಗೈ ಮುಂದೆ ಕೊಟ್ಟಿದ್ದ. ಮುಂಗೈ ಮುರಿಯಿತು. ಕಾಯಿ ಒಡೆದಿರಲಿಲ್ಲ. ಅದನ್ನೇ ನನಗೆ ತೋರಿಸಿದ.

ಮರುದಿನ, ಶನಿವಾರ. ನೀನು ಮರೆಯಲಾರೆ, ನಾನೂ. ಅಪ್ಪ ನನ್ನನ್ನು ಕರೆದುಕೊಂಡು ಗ್ಯಾರೇಜಿಗೆ ಬಂದು, ಗಿರಾಕಿಗಳು ನಿಂತಿರುವಾಗಲೇ ಗಣಪಯ್ಯನವರಿಗೆ ಜೋರಾಗಿ ಹೇಳಿದರು: 'ನಿಮ್ಮ ಹುಡುಗ ಸಂದೇಶನ ಹತ್ರ ಕಮಿಷನ್ ತಿಂದು ಗುದ್ದಿದ ಗಾಡಿ ಪಾಸ್ ಮಾಡಿದಾನೆ. ಅವನಪ್ಪನ ಕೈಯೇ ಹೋಯ್ತು, ದೇವರು ಇದ್ದಾನೆ.' ಗಣಪಯ್ಯ ಬೀಡಿ ಆರಿಸಿ ನಿನ್ನ ಕಡೆ ನೋಡಿದರು: 'ಹೌದನ ಕುಮಾರ?' ನೀನು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದೆ. ನನ್ನನ್ನು ಕೇಳಿದೆ: 'ಈಶಾ, ನಾನು ಎಂತ ಹೇಳಿದ್ದು ಮಾರಾಯ? ನೀನೇ ಹೇಳು.'

ನಾನು ಇಂಗ್ಲಿಷಿನಲ್ಲಿ ಹೇಳಿದೆ. 'ಯೂ ಸೆಡ್ ಇಟ್ ಪುಲ್ಸ್.'

ಅಲ್ಲಿದ್ದ ಯಾರಿಗೂ ಅದು ಏನೆಂದು ಗೊತ್ತಾಗಲಿಲ್ಲ. ಅಪ್ಪ ಕನ್ನಡ ಮಾಡಿದರು: 'ಗಾಡಿ ಒಳ್ಳೇದುಂಟು ಅಂದನಂತೆ, ಕೇಳಿದ್ರಲ್ಲ?' ನಾನು ತಿದ್ದಲಿಲ್ಲ. ಗಾಬರಿಯಾದಾಗ ನನ್ನ ಬಾಯಿಗೆ ಬರುವುದು ಇಂಗ್ಲಿಷೇ, ಹಾಸ್ಟೆಲಿನ ಚಾಳಿ, ನಿನಗೇ ಗೊತ್ತು. ನೀನು ಕೈ ಒರೆಸಿಕೊಂಡು, ಒರೆಸಿದ ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟು ಹೊರಟುಹೋದೆ. ಗಣಪಯ್ಯ ಹಿಂದಿನಿಂದ 'ಇನ್ನು ನೀನು ಬರೋದು ಬೇಡ, ನನ್ನ ಗ್ಯಾರೇಜಿನ ಹೆಸರು ಹೋಗ್ತದೆ' ಎಂದರು. ಈಗ ಕೊಪ್ಪದಲ್ಲಿ ಬೇರೆ ಯಾರೂ ನಿನ್ನನ್ನು ಸೇರಿಸಿಕೊಳ್ಳುತ್ತಿಲ್ಲವಂತೆ. ಮೆಕ್ಯಾನಿಕ್ಕಿನ ಮಾತು ಕೆಟ್ಟರೆ ಅವನ ಕೈಗೂ ಬೆಲೆ ಇಲ್ಲ ಎಂದು ಅಪ್ಪನೇ ಊಟ ಮಾಡುತ್ತಾ ಹೇಳಿದರು, ಯಾವುದೋ ದೂರದವರ ವಿಷಯ ಹೇಳುವ ಹಾಗೆ.

ಭಾನುವಾರ ನಿಮ್ಮ ಮನೆಗೆ ಬಂದಿದ್ದೆ. ನೀನು ಇರಲಿಲ್ಲ. ನಿನ್ನಮ್ಮ ಕಮಲಕ್ಕ ಒಳಗಿನಿಂದ ಹೊರಗೆ ಬರಲೇ ಇಲ್ಲ. ಕಾಫಿ ಲೋಟ ಮಾತ್ರ ಬಂತು, ಪಕ್ಕದ ಮನೆ ಹುಡುಗಿಯ ಕೈಯಲ್ಲಿ. ಆವತ್ತೇ ನಿನ್ನಪ್ಪ ನನಗೆ ಆ ಮಾತಿನ ಅರ್ಥ ಬಿಡಿಸಿ ಹೇಳಿದ್ದು. 'ಎಳೀತದೆ ಅಂದ್ರೆ ಎಡಕ್ಕೆ ಹೋಗ್ತದೆ ಅಂತ ಸಣ್ಣ ಗೌಡ್ರೆ. ಕುಮಾರ ಮನೇಲೂ ಹೇಳಿದ್ದ.' ಗೊತ್ತಿದ್ದೂ ಯಾಕೆ ಹತ್ತಿದೆ ಎಂದು ಕೇಳಿದೆ. 'ನೀವು ಓದಿದವ್ರು. ಸರಿ ಮಾಡ್ಸೇ ತಂದಿರ್ತೀರಿ ಅಂದ್ಕಂಡೆ' ಎಂದ. ಅದರಲ್ಲಿ ಚುಚ್ಚು ಇತ್ತೋ ಎಂದು ಅವನ ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಕುಮಾರ, ಇದು ಭಾಷೆಯ ತಪ್ಪು. ನಿನ್ನದಲ್ಲ, ಪೂರ್ತಿ ನನ್ನದೂ ಅಲ್ಲ. ನನ್ನನ್ನು ಹತ್ತು ವರ್ಷಕ್ಕೇ ಊರು ಬಿಡಿಸಿ, ಕನ್ನಡ ಆಡಿದರೆ ದಂಡ ಹಾಕುವ ಕಡೆ ಸೇರಿಸಿದವರದ್ದೂ ಪಾಲಿದೆ. ಕ್ರಿಸ್ಮಸ್ ರಜೆಗೆ ಬಂದಾಗ ಅಪ್ಪನ ಹತ್ತಿರ ಮಾತಾಡುತ್ತೇನೆ. ಕೆಂಪು ಕಾರನ್ನು ತಗಡು ಬಡಿಸಿ ಮಾರುತ್ತಾರಂತೆ. ನಾರ್ವೆಯ ಬೂದು ಗಾಡಿ ಯಾರೋ ಟೀಚರು ತಗೊಂಡರಂತೆ.

ನಿನ್ನಪ್ಪನ ಮೂಳೆ ಬೇಗ ಕೂಡಲಿ. ಕಮಲಕ್ಕನ ಮನಸ್ಸು ತಿಳಿಯಾಗಲಿ. ನಿನಗೆ ನಿನ್ನದೇ ಶೆಡ್ಡು ಆಗಲಿ, ಬಾಗಿಲ ಮೇಲೆ ನಿನ್ನದೇ ಹೆಸರಿರಲಿ. ಆಶೀರ್ವಾದ ಮಾಡುವ ವಯಸ್ಸು ನನ್ನದಲ್ಲ, ಹಾರೈಸುತ್ತೇನೆ ಅಷ್ಟೇ.

ಇಂತಿ,
ಈಶಾ

ತಾ.ಕ.: ಮೇಲಿನದನ್ನು ಓದಿ ನೋಡಿದೆ. ಅದರಲ್ಲಿ ಒಂದು ದಿನ ತಪ್ಪಾಗಿದೆ.

ನಿನ್ನಪ್ಪ ಅರ್ಥ ಹೇಳಿದ್ದು ಭಾನುವಾರವಲ್ಲ. ಶುಕ್ರವಾರವೇ, ಆಸ್ಪತ್ರೆಯಲ್ಲಿ, ಕೈಗೆ ಪ್ಲಾಸ್ಟರ್ ಸುತ್ತುತ್ತಿರುವಾಗ. ನಾನು ಪಕ್ಕದಲ್ಲೇ ನಿಂತಿದ್ದೆ. ಶನಿವಾರ ಗ್ಯಾರೇಜಿಗೆ ಬರುವಾಗ ನನಗೆ ಗೊತ್ತಿತ್ತು. ನೀನು ನನ್ನನ್ನು ಕೇಳಿದಾಗ ಗೊತ್ತಿತ್ತು. ಇಂಗ್ಲಿಷ್ ಬಂದದ್ದು ಗಾಬರಿಗಲ್ಲ. 'ಎಳೀತದೆ ಅಂದಿದ್ದ' ಎಂದು ಕನ್ನಡದಲ್ಲಿ ಹೇಳಿದ್ದರೆ ಗಣಪಯ್ಯನವರಿಗೆ, ಅಲ್ಲಿದ್ದ ಪ್ರತಿಯೊಬ್ಬ ಗಿರಾಕಿಗೆ ಆ ಕ್ಷಣವೇ ತಿಳಿಯುತ್ತಿತ್ತು, ತಪ್ಪು ಯಾರದೆಂದು. ಸುಳ್ಳೂ ಆಗಬಾರದು, ಯಾರಿಗೂ ತಿಳಿಯಲೂಬಾರದು ಎಂದು ಇಂಗ್ಲಿಷನ್ನು ಆರಿಸಿಕೊಂಡೆ. ನೀನು ಬಟ್ಟೆ ಮಡಚುವಾಗ ನನ್ನ ಮುಖ ನೋಡಿದೆಯಲ್ಲ, ನಿನಗೆ ಆಗಲೇ ಗೊತ್ತಾಗಿತ್ತು.

ಅಪ್ಪನಿಗೆ ಎದುರು ನಿಂತು ಹೇಳುವ ಧೈರ್ಯ ಕ್ರಿಸ್ಮಸ್ಸಿಗೂ ನನಗೆ ಬರುವುದಿಲ್ಲ, ಅದಕ್ಕೆ ಕಾಯಬೇಡ. ಈ ತಾ.ಕ.ವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಇದೊಂದನ್ನು ಗಣಪಯ್ಯನವರ ಕೈಗೆ ಕೊಡು, ಬೇಕಾದವರಿಗೆಲ್ಲ ತೋರಿಸಲಿ. ನನ್ನನ್ನು ನೀನು ಅನ್‌ಬ್ಲಾಕ್ ಮಾಡಬೇಕಾಗಿಲ್ಲ.

ಕುಮಾರ ಬಿನ್ ಪುಟ್ಟಯ್ಯ ನನಗೆ ಆ ಗಾಡಿ ಎಳೀತದೆ ಎಂದು ತಗೊಳ್ಳುವ ಮೊದಲೇ ಹೇಳಿದ್ದ.

ಈಶಾನ ಬಿನ್ ಸುಂದರೇಶ್,
ಬಸರೀಕಟ್ಟೆ