ಬಳುವಳಿಯ ತಬಲಾ

ಚೌಕ್, ಲಖನೌ
ಜನವರಿ ೧೧, ೧೯೮೨

ನನ್ನ ಮುದ್ದು ತಸ್ನೀಮ್‌ಗೆ ಅಬ್ಬಾನ ನೂರು ದುವಾ,

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಭೋಪಾಲಿನ ಚಳಿ ನಮ್ಮ ಚಳಿಯಷ್ಟು ಕೆಟ್ಟದ್ದಲ್ಲ ಎಂದು ಅಳಿಯಂದಿರು ಹೋದ ಸಲ ಬರೆದಿದ್ದರು, ಆದರೆ ಕೆಮ್ಮಿಗೆ ಊರಿನ ಭೇದವಿಲ್ಲ. ಶುಂಠಿಯನ್ನು ಸುಟ್ಟು ಜೇನಿನಲ್ಲಿ ಅದ್ದಿ ಬಾಯಲ್ಲಿಟ್ಟುಕೊ, ನಿನ್ನ ತಾಯಿ ಹಾಗೇ ಮಾಡುತ್ತಿದ್ದಳು. ಅಳಿಯಂದಿರ ಮೊಣಕಾಲು ಈಗ ಮಡಚುತ್ತದೆಯೇ? ಮಕ್ಕಳು ಶಾಲೆಗೆ ಬೆಚ್ಚಗೆ ಹೊದ್ದು ಹೋಗುತ್ತಾರಷ್ಟೆ? ನನ್ನ ಹೆಲ್ತ್ ಆಸ್ ಪರ್ ಏಜ್ ಇದೆ. ಬೆಳಗ್ಗೆ ಕುಲ್ಚಾ, ಸಂಜೆ ಎರಡು ಕಬಾಬು, ನಡುವೆ ಅನ್ನ ಬೇಳೆ ನಾನೇ ಬೇಯಿಸಿಕೊಳ್ಳುತ್ತೇನೆ. ಬೇಳೆ ಒಂದು ದಿನ ನೀರು, ಒಂದು ದಿನ ಗೋಡೆಗೆ ಬಳಿಯುವ ಗಾರೆ. ನಡುವಿನದೊಂದು ಹದ ಇದೆಯಂತೆ, ಇನ್ನೂ ಸಿಕ್ಕಿಲ್ಲ.

ನಿನಗೆ ಒಂದು ವಿಷಯ ತಿಳಿಸಿರಲಿಲ್ಲ. ನಾನು ತಬಲಾ ಕಲಿಯುತ್ತಿದ್ದೇನೆ. ನಗಬೇಡ, ಇಲ್ಲಿ ಈಗಾಗಲೇ ಬೇಕಾದಷ್ಟು ಜನ ನಕ್ಕಿದ್ದಾರೆ. ನಿನ್ನ ತಾಯಿ ಹೋದ ಮೇಲೆ ಈ ಮನೆಯಲ್ಲಿ ಸಂಜೆ ಹೊತ್ತು ಎಂಥ ಸದ್ದಿಲ್ಲದ ಸದ್ದು ಕೂರುತ್ತದೆ ಎಂದು ನಿನಗೆ ಬರೆದು ತಿಳಿಸುವುದು ಕಷ್ಟ. ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ಆಯುಷ್ಯ ಕಳೆದವನಿಗೆ ಗದ್ದಲವಿಲ್ಲದೆ ಅನ್ನ ಇಳಿಯುವುದಿಲ್ಲ. ಅದಕ್ಕೇ ಹೋದ ಚಳಿಗಾಲದಲ್ಲಿ ಒಂದು ದಿನ ಅಕ್ಬರಿ ದರ್ವಾಜೆಯ ಹಿಂದಿನ ಗಲ್ಲಿಗೆ ಹೋಗಿ, ನಿನ್ನ ಛುಟ್ಟನ್ ಮಾಮುವಿನ ಎದುರು ಕೂತು, ನನಗೆ ಕಲಿಸಪ್ಪಾ ಎಂದೆ. ನಿನ್ನ ತಾಯಿಯ ತಮ್ಮನಾದರೂ ಊರಿಗೇ ಉಸ್ತಾದ. ಅವನು ಪಾನಿನ ಪೀಕು ಉಗುಳಿ ಬಂದು, "ಅರವತ್ತರ ಮೇಲೆ ಹಲ್ಲು ಬೀಳೋ ಹೊತ್ತು ಭಾವ, ಕೈ ಏಳೋ ಹೊತ್ತಲ್ಲ" ಅಂದ. ಆದರೆ ಇಲ್ಲ ಅನ್ನಲಿಲ್ಲ. ಅಕ್ಕನ ಗಂಡನಿಗೆ ಇಲ್ಲ ಅನ್ನುವುದು ಆ ಮನೆಯ ರೀತಿಯಲ್ಲ ಎಂದು ಆಗ ಎಷ್ಟು ಮೆಚ್ಚಿಕೊಂಡೆ, ಪೆದ್ದ ನಾನು.

ಬಿಗಿನರ್‌ನ ಪಾಡು ಕೇಳು. ಮೊದಲು ಕೂರುವುದೇ ಬರಲಿಲ್ಲ, ಕಾಲು ಜೋಮು ಹಿಡಿದು ಏಳುವಾಗ ಗೋಡೆ ಹಿಡಿಯಬೇಕಾಯಿತು. ಆಮೇಲೆ 'ನಾ' ಎಂಬ ಒಂದೇ ಅಕ್ಷರ. ಉಂಗುರದ ಬೆರಳು ನಡುವಿನ ಕಪ್ಪು ಬೊಟ್ಟಿನ, ಅಂದರೆ ಕರಣೆಯ, ಅಂಚಿನಲ್ಲಿ ಮೆಲ್ಲಗೆ ಊರಿಕೊಂಡಿರಬೇಕು, ಏಳಬಾರದು. ತೋರುಬೆರಳು ಮಾತ್ರ ಚರ್ಮದ ತುದಿಗೆ ಬಡಿದು ಹಿಂದಕ್ಕೆ ಬರಬೇಕು. ನನ್ನ ಉಂಗುರದ ಬೆರಳೋ, ಹಟದ ಹಸು, ಪ್ರತಿ ಸಲವೂ ಜೊತೆಗೇ ಎದ್ದು ನಿಲ್ಲುತ್ತಿತ್ತು. 'ನಾ' ಬರುವ ಜಾಗದಲ್ಲಿ ಬರೀ ಠಪ್ಪು. "ಭಾವ, ಇದು ಪಾರ್ಸಲ್ಲಿಗೆ ಸೀಲು ಒತ್ತೋದಲ್ಲ. ಆ ಬೆರಳನ್ನ ಮಲಗಿಸಿ. ಅದು ತಾನಾಗಿ ಮಲಗಲ್ಲ, ವರ್ಷ ಹಿಡಿದು ಮಲಗಿಸ್ಬೇಕು" ಎನ್ನುತ್ತಿದ್ದ ಮಾಮು. ನಿಜಕ್ಕೂ ವರ್ಷವೇ ಹಿಡಿಯಿತು.

ಆದರೆ ಶ್ರುತಿ ಮಾಡುವುದು ನನಗೆ ಹಿಡಿಸಿಬಿಟ್ಟಿತು ಮಗಳೇ. ಹಾರ್ಮೋನಿಯಂನ ಒಂದು ಮನೆಗೆ ಬೆಂಕಿಕಡ್ಡಿ ಸಿಕ್ಕಿಸಿ ಸ್ವರ ನಿಲ್ಲಿಸಿಕೊಂಡು, ತಬಲಾದ ಸುತ್ತಲೂ ತಟ್ಟಿ ತಟ್ಟಿ ಕೇಳುವುದು. ತಗ್ಗಿದ ಕಡೆ ಅಂಚಿನ ಹೆಣಿಗೆಗೆ ಸುತ್ತಿಗೆಯಿಂದ ಮೇಲಿನಿಂದ ಕೆಳಕ್ಕೆ ಒಂದು ಏಟು, ಹೆಚ್ಚಾದರೆ ಕೆಳಗಿನಿಂದ ಮೇಲಕ್ಕೆ. ಒಂದು ಕಡೆ ಸರಿಯಾದರೆ ಎದುರು ಕಡೆ ಕೆಡುತ್ತದೆ. ಹಾಗೆ ತಿರುಗಿಸುತ್ತ ತಿರುಗಿಸುತ್ತ ಒಂದು ಹೊತ್ತಿನಲ್ಲಿ ಸುತ್ತಲೂ ಒಂದೇ ಸ್ವರವಾದಾಗ ಎದೆಯೊಳಗೂ ಏನೋ ನೆಟ್ಟಗೆ ಕೂತ ಹಾಗಾಗುತ್ತದೆ. ತಕ್ಕಡಿಯ ಮುಳ್ಳು ನಡುವೆ ನಿಂತದ್ದನ್ನು ಜೀವನವಿಡೀ ನೋಡಿದ ಕಣ್ಣಿಗೆ ಈಗ ಕಿವಿ ಜೊತೆಯಾಯಿತು. ಮಾಮುವೂ, "ನುಡಿಸೋದು ನಿಮ್ಮ ಹಣೇಲಿಲ್ಲ, ಶ್ರುತಿ ಮಾತ್ರ ಪರವಾಗಿಲ್ಲ" ಎಂದು ತನ್ನದೊಂದು ಹಳೆಯ ತಬಲಾವನ್ನು ಮನೆಗೆ ಒಯ್ಯಲು ಕೊಟ್ಟ. ನಮ್ಮ ಬೀರುವಿನ ಮೇಲೆ ನಿನ್ನ ತಾಯಿ ತಂದ ಜೋಡಿ ಇದೆಯಲ್ಲ, ಅದೇ ಸಾಕು ಎಂದೆ. "ಅದನ್ನ ಮುಟ್ಟಬೇಡಿ ಭಾವ, ನಲವತ್ತು ವರ್ಷದ ಚರ್ಮ, ಗವುಸು ಬಿಚ್ಚಿದ್ರೆ ಹರಿದು ಹೋಗುತ್ತೆ. ಆಪಾಳ ನೆನಪಿಗೆ ಇರ್ಲಿ ಬಿಡಿ" ಅಂದ. ಅಕ್ಕನ ಮೇಲಿನ ಪ್ರೀತಿ ಅಂದುಕೊಂಡೆ.

ಹದಿನೈದು ದಿನದ ಹಿಂದೆ ಇಲ್ಲಿ ಮಂಜು ಬಿದ್ದು ಎದುರು ಮನೆಯ ಬಾಗಿಲೂ ಕಾಣದ ಹಾಗಾಯಿತು. ಥಂಡಿಗೆ ತಬಲಾದ ಚರ್ಮ ಸಡಿಲಿ ಹೋಗಿ ಸ್ವರ ಕೆಳಗಿಳಿಯಿತು. ನಾನು ಸುತ್ತಿಗೆ ಹಿಡಿದು ಮೇಲೇರಿಸಿದೆ. ಸಾಲದು ಅನ್ನಿಸಿ, ಉಸ್ತಾದರು ಬೆಂಕಿಗೆ ಹಿಡಿಯುವುದನ್ನು ಕಂಡಿದ್ದೆನಲ್ಲ, ಇದ್ದಿಲ ಒಲೆಯ ಪಕ್ಕ ರೊಟ್ಟಿಯ ಹಾಗೆ ಇಟ್ಟು ಚಾ ಸೋಸಲು ಹೋದೆ. ಬೆಂಕಿಗೆ ಹಿಡಿದರೆ ಬಿಗಿಯಬಾರದು, ಬಿಗಿದರೆ ಬೆಂಕಿಗೆ ಹಿಡಿಯಬಾರದು. ಇಷ್ಟು ಫಂಡಮೆಂಟಲ್ ನನಗೆ ತಿಳಿದಿರಲಿಲ್ಲ. ಕೋವಿ ಹಾರಿಸಿದಂತೆ ಸದ್ದಾಗಿ ಚರ್ಮ ಅಂಚಿನಿಂದ ಅಂಚಿಗೆ ಸೀಳಿತು. ಪಕ್ಕದ ಮನೆಯ ಬನ್ನೋ ಖಾಲಾ ಗೋಡೆಯಾಚೆಯಿಂದ, "ಯಾಕ್ರೀ ಮಿಯಾ, ಕೊನೆಗೂ ಕೊಂದ್ರಾ ಅದನ್ನ?" ಎಂದು ಕೇಳಿದಳು.

ಮಾಮುವಿಗೆ ಹೇಳಲು ಮುಖವಿರಲಿಲ್ಲ. ಸ್ಟೂಲು ಹಾಕಿ ಬೀರುವಿನ ಮೇಲಿನ ಜೋಡಿ ಇಳಿಸಿದೆ.

ಆ ಜೋಡಿ ಹೇಗೆ ಬಂತೆಂದು ನಿನಗೆ ಎಂದಾದರೂ ಹೇಳಿದ್ದೇನೋ ಇಲ್ಲವೋ. ನಿಕಾಹ್ ಆದ ಮೇಲೆ ನಮ್ಮ ಮಾವ ಹಿರಿಯರೆದುರು ಎದ್ದು ನಿಂತು, ತಾಮ್ರದ ಪಾತ್ರೆ, ರಜಾಯಿ, ಪಲ್ಲಂಗ, ಈ ತಬಲಾ ಜೋಡಿಯ ಹೆಸರು ಹೇಳಿದ ಮೇಲೆ, "ಇವುಗಳ ಜೊತೆ ನಮ್ಮ ಮನೆತನದ ಮೂರು ಗತ್‌ಗಳನ್ನು ಮಗಳ ಬಳುವಳಿಯಾಗಿ ಅಳಿಯನಿಗೆ ಕೊಟ್ಟಿದ್ದೇನೆ, ಇವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಅವನ್ನು ನುಡಿಸುವುದಿಲ್ಲ" ಎಂದರು. ತಬಲಾದ ಮನೆಗಳಲ್ಲಿ ಗತ್ ಎಂದರೆ ಹಿರಿಯರು ಬೋಲುಗಳಿಂದ, ಅಂದರೆ ಬಡಿತದ ಅಕ್ಷರಗಳಿಂದ, ಕಟ್ಟಿಟ್ಟ ಒಡವೆ, ಕೊಟ್ಟರೆ ಕೊಟ್ಟಂತೆ. ಸಭೆಯೆಲ್ಲ ಹಾ ಎಂದಿತು. ಮುದುಕನ ಕಣ್ಣು ಒದ್ದೆಯಾಗಿತ್ತು. ಒಳಗೆ ಹೋಗಿ ನಿನ್ನ ತಾಯಿಯನ್ನು ಕೇಳಿದೆ, ನನಗೆ ತಾಳ ಎಂದರೆ ಬಾಗಿಲಿನ ತಾಲಾ, ಬೀಗ, ಎನ್ನುವಷ್ಟೇ ಗೊತ್ತು, ಇದನ್ನು ನಾನು ಹೇಗೆ ಪಡೆಯಬೇಕು, ಯಾರಲ್ಲಿ ಕಲಿಯಬೇಕು? ಅವಳು ತಲೆ ತಗ್ಗಿಸಿಕೊಂಡು, "ಅದೊಂದು ಸಂಪ್ರದಾಯದ ಮಾತು, ಅತ್ತರು ಚಿಮುಕಿಸಿದ ಹಾಗೆ. ಅದ್ರಲ್ಲಿ ಕಲಿಯೋಕೆ ಏನೂ ಇಲ್ಲ" ಎಂದಳು. ಮಾವ ಮರುವರ್ಷವೇ ತೀರಿಕೊಂಡರು. ನಾನು ನಿನ್ನ ತಾಯಿಯ ಮಾತನ್ನು ನಂಬಿದೆ. ನಂಬದೆ ಇನ್ನೇನು ಮಾಡಲಿ, ಅವಳು ಉಪ್ಪು ಸರಿಯಿದೆ ಎಂದರೆ ನಾನು ರುಚಿ ನೋಡುತ್ತಿರಲಿಲ್ಲ.

ಗವುಸು ಬಿಚ್ಚಿದೆ. ನಲವತ್ತು ವರ್ಷದ ಧೂಳು, ಜೋತುಬಿದ್ದ ಚರ್ಮ ಕಾಣಬೇಕಿತ್ತಲ್ಲವೇ? ಚರ್ಮಕ್ಕೆ ನಾಲ್ಕೈದು ವರ್ಷವೂ ಆಗಿರಲಿಕ್ಕಿಲ್ಲ. ಬಾರುಗಳು ಹೊಸವು. ತೋರುಬೆರಳು ಬಡಿಯುವ ಜಾಗದಲ್ಲಿ ಅಂಚು ಕಪ್ಪಾಗಿ ನುಣುಪಾಗಿತ್ತು. ಉಂಗುರದ ಬೆರಳು ಮಲಗುವ ಕಡೆ ಕರಣೆ ಸವೆದು ಸಣ್ಣ ಸಣ್ಣ ಚೂರು ಎದ್ದಿತ್ತು. ಒಂದು ವರ್ಷದ ಹಿಂದೆ ಇದನ್ನೆಲ್ಲ ಕಂಡಿದ್ದರೆ ನನಗೆ ಏನೂ ಅರ್ಥವಾಗುತ್ತಿರಲಿಲ್ಲ. ಕಲಿತದ್ದು ನನ್ನ ದುರದೃಷ್ಟ. ಸುತ್ತಲೂ ತಟ್ಟಿದೆ. ಸ್ವರ ತಗ್ಗಿತ್ತು, ಆದರೆ ಸುತ್ತಲೂ ಸಮನಾಗಿ ತಗ್ಗಿತ್ತು. ಬಲ್ಲ ಕೈ ಕೊನೆಯ ಸಲ ಶ್ರುತಿ ಮಾಡಿಟ್ಟು ಹೋದ ತಬಲಾ ಅದು. ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರರು, ಮಾಡಿದವರ ಹೆಸರು ಮುಚ್ಚಿಡಬೇಕಾದಲ್ಲಿ ಪಾಸಿವ್ ವಾಯ್ಸ್ ಬಳಸಿ ಎನ್ನುತ್ತಿದ್ದರು. ತಬಲಾ ನುಡಿಸಲ್ಪಟ್ಟಿತ್ತು. ಅಷ್ಟು ಹೊತ್ತೂ ನಾನು ಆ ವಾಕ್ಯದಲ್ಲೇ ಇರಲು ನೋಡಿದೆ. ಆದರೆ ತಬಲಾದ ಕೆಳಗಿನ ಸಿಂಬಿ ಕೈಗೆ ಬಂತು. ಕಪ್ಪು ಉಣ್ಣೆಯ ಬಟ್ಟೆ, ಹೊಲಿಗೆ ನಿನ್ನ ತಾಯಿಯದು. ನನ್ನ ರೈಲ್ವೆ ಕೋಟು. ಅದಕ್ಕೆ ನುಸಿ ಬಿತ್ತು, ಎಸೆದೆ ಎಂದಿದ್ದಳಲ್ಲ, ಅದೇ ಕೋಟು.

ಜೋಡಿಯನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾ ಹತ್ತಿದೆ. ಮಾಮು ಬಿಸಿಲಿಗೆ ಕೂತು ಶೀರ್ಮಾಲ್ ರೊಟ್ಟಿಯನ್ನು ಚಾದಲ್ಲಿ ಅದ್ದಿ ತಿನ್ನುತ್ತಿದ್ದ. ನನ್ನನ್ನು ನೋಡಲಿಲ್ಲ, ಗವುಸನ್ನು ನೋಡಿದ. ಚೂರು ಚಾದಲ್ಲೇ ಮುಳುಗಿ ಹೋಯಿತು. ಅವನು ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ಅವನ ಲೆಕ್ಕಕ್ಕೆ ಸಲ್ಲಲಿ. ಮಾವ ಆ ಮೂರು ಗತ್‌ಗಳನ್ನು ಮದುವೆಗೆ ಮುಂಚೆ ನಿನ್ನ ತಾಯಿಯ ನಾಲಗೆಗೂ ಬೆರಳಿಗೂ ಕಲಿಸಿ ಕೂಡಿಸಿದ್ದರಂತೆ. ಅವಳ ಮೂಲಕ ಅವು ನನಗೆ, ನನ್ನ ಮೂಲಕ ಮಕ್ಕಳಿಗೆ ಬರಬೇಕೆಂದು. ಮಗನಿಗೆ ಕುರಾನಿನ ಮೇಲೆ ಕೈ ಇಡಿಸಿ, ನೀನು ನುಡಿಸಕೂಡದು ಎಂದಿದ್ದರು. ಅಪ್ಪ ಕಣ್ಣುಮುಚ್ಚಿದ ಮೇಲೆ ಇವನು ಅಕ್ಕನ ಕಾಲು ಹಿಡಿದ. ಅಕ್ಕ ಒಪ್ಪಿದಳು. ಅಲ್ಲಿಂದ ಗುರುವಾರ ಗುರುವಾರ ಮಧ್ಯಾಹ್ನ ಬಂದು ಅವಳಿಂದ ಒಂದೊಂದೇ ಬೋಲು ತಿರುಗಿ ಒಯ್ದ. ಒಯ್ದು ಮುಗಿದ ಮೇಲೂ ಬರುತ್ತಿದ್ದ, ಅಕ್ಕನ ಕೈ ಕೇಳಲು. ನಾನು ಆ ಹೊತ್ತಿಗೆ ಚಾರ್‌ಬಾಗ್ ಸ್ಟೇಷನ್ನಿನಲ್ಲಿ ಊರವರ ಗಂಟು ಕಾಯುತ್ತಿದ್ದೆ.

ಅವನ ಬಾಯಿ ಗೊತ್ತಲ್ಲ ನಿನಗೆ. "ನೀವು ಡೆಲಿವರೀನೇ ತಗೊಳ್ಳಲಿಲ್ಲ ಭಾವ. ಯಾರೂ ಬಿಡಿಸ್ಕೊಳ್ಳದ ಪಾರ್ಸಲ್ಲನ್ನ ನಿಮ್ಮ ರೈಲ್ವೇಲಿ ಏನ್ಮಾಡ್ತಾರೆ?" ಅಂದ. ಹರಾಜು ಹಾಕುತ್ತಾರೆ, ಆದರೆ ಅದಕ್ಕೆ ಮುಂಚೆ ಬಂದಿದೆ ಎಂದು ಮಾಲೀಕನಿಗೆ ನೋಟಿಸು ಕೊಡುತ್ತಾರೆ ಎಂದೆ. ಅವನು ಚಾದಲ್ಲಿ ಮುಳುಗಿದ ಚೂರನ್ನು ಬೆರಳಲ್ಲಿ ತೆಗೆಯತೊಡಗಿದ. ಸರಿ, ಆದದ್ದಾಯಿತು, ಈಗ ಕಲಿಸು, ನನ್ನ ವಸ್ತು ನನಗೆ ಕೊಡು ಎಂದೆ. ಆಗ ಅವನು ತೊಳೆದ ಬಟ್ಟಲಿನ ಹಾಗೆ ನಿರ್ಮಲವಾದ ಮುಖ ಮಾಡಿ, "ಈಗ ಆಗಲ್ಲ ಭಾವ. ಹೋದ ವಸಂತದಲ್ಲಿ ಮಗಳ ಮದುವೇಲಿ ಅಳಿಯನಿಗೆ ಬಳುವಳಿ ಕೊಟ್ಬಿಟ್ಟೆ. ಈಗ ನಾನೂ ನುಡಿಸೋ ಹಾಗಿಲ್ಲ. ಕೊಟ್ಟ ಮೇಲೆ ಕೊಟ್ಟಂಗೆ" ಎಂದ. ಅಪ್ಪ ಕೊಟ್ಟದ್ದಕ್ಕೆ ಇಲ್ಲದ ನಿಯಮ ತಾನು ಕೊಟ್ಟದ್ದಕ್ಕೆ ಇದೆ.

ಆ ಮದುವೆಯಲ್ಲಿ ನಾನು ಮುಂದಿನ ಸಾಲಿನಲ್ಲಿದ್ದೆ ತಸ್ನೀಮ್. ಖೋರ್ಮಾ ತಿಂದು ಕೈ ಒರೆಸಿಕೊಳ್ಳುತ್ತಿದ್ದೆ. ಮಾಮು ಎದ್ದು ಮೂರು ಗತ್ ಎಂದಾಗ, ಅದೂ ಬರೀ ಸಂಪ್ರದಾಯದ ಮಾತೆಂದುಕೊಂಡು, ಇಡೀ ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾಹ್ ಎಂದವನು ನಾನು. ನನ್ನ ಮನೆಯ ಒಡವೆಯನ್ನು ನನ್ನ ಕಣ್ಣೆದುರೇ ಇನ್ನೊಬ್ಬನ ಕೊರಳಿಗೆ ಹಾಕಿದರು, ನಾನು ಚಪ್ಪಾಳೆ ತಟ್ಟಿದೆ. ಮಾಮುವಿನ ಮೇಲೆ ಸಿಟ್ಟು ಬರುತ್ತದೆ, ಹೋಗುತ್ತದೆ. ಅವನು ಕಸುಬಿನವನು, ಹಸಿದವನು. ಆದರೆ ನಿನ್ನ ತಾಯಿ? ಗುರುವಾರ ಸಂಜೆ ನಾನು ಬಂದಾಗ ಅವಳ ಕೈಯಲ್ಲಿ ಪೌಡರಿನ ವಾಸನೆ ಇರುತ್ತಿತ್ತು. ನನಗಾಗಿ ಹಾಕಿಕೊಂಡಿದ್ದಾಳೆ ಎಂದು ಹಿಗ್ಗುತ್ತಿದ್ದೆ. ತಬಲಾಕ್ಕೆ ಕೂರುವವರು ಬೆರಳು ಜಾರಲೆಂದು ಪೌಡರು ಹಚ್ಚುತ್ತಾರೆ. ಈಗ ಗೊತ್ತಾಯಿತು. ಗೋರಿಯ ಹತ್ತಿರ ಹೋಗಿ ಕೇಳಬಹುದು, ನಿನ್ನೆ ಹೋಗಿಯೂ ಇದ್ದೆ. ಹೂವು ಹಾಕದೆ ಬಂದೆ.

ಸಾಕು. ಅಳಿಯಂದಿರಿಗೆ ನನ್ನ ಸಲಾಮು ತಿಳಿಸು, ಮೊಣಕಾಲಿಗೆ ಸಾಸಿವೆಯೆಣ್ಣೆ ಬಿಸಿ ಮಾಡಿ ಹಚ್ಚಲಿ. ಮಕ್ಕಳ ಹಣೆಗೆ ಮುತ್ತು. ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ, ಅದರ ಸುತ್ತ ಕೂತವರ ನಡುವೆ ಬಚ್ಚಿಡುವ ಮಾತು ಇಲ್ಲದಿರಲಿ.

ನಿನ್ನ ಅಬ್ಬಾ,
ತಜಮ್ಮುಲ್ ಹುಸೇನ್

ಕವರು ಅಂಟಿಸುವ ಮುಂಚೆ ಒಂದು ಮಾತು. ಮಾಮು ಹೇಳಿದ್ದರಲ್ಲಿ ಒಂದನ್ನು ಮೇಲೆ ಬರೆಯಲಿಲ್ಲ. "ಮನೇಲಿದ್ದೋರಿಗೆಲ್ಲ ಗೊತ್ತಿತ್ತು ಭಾವ, ನಿಮಗೊಬ್ರಿಗೇ ಗೊತ್ತಿಲ್ದಿದ್ದದ್ದು." ನಮ್ಮ ಮನೆಯಲ್ಲಿ ಇದ್ದವರು ನಿನ್ನ ತಾಯಿ, ನಾನು, ಇನ್ನು ನೀನು. ಅವಳ ನಲವತ್ತನೇ ದಿನದ ಫಾತಿಹಾಕ್ಕೆ ಬಂದಾಗ ನೀನು ಅಕ್ಕಿ ಆರಿಸುತ್ತ ಹಿತ್ತಾಳೆ ತಟ್ಟೆಯ ಅಂಚಿಗೆ ಬೆರಳಾಡಿಸುತ್ತಿದ್ದೆ. ದುಃಖಕ್ಕೆ ಕೈ ಸುಮ್ಮನಿರುವುದಿಲ್ಲ ಅಂದುಕೊಂಡಿದ್ದೆ. ತೋರುಬೆರಳು ಏಳುತ್ತಿತ್ತು, ಉಂಗುರದ ಬೆರಳು ಮಲಗಿಯೇ ಇತ್ತು. ಅದು ತಾನಾಗಿ ಮಲಗುವುದಿಲ್ಲ ಮಗಳೇ, ವರ್ಷ ಹಿಡಿದು ಯಾರಾದರೂ ಮಲಗಿಸಬೇಕು. ನಿನ್ನ ಮದುವೆಯಲ್ಲಿ ನಾನು ಎದ್ದು ನಿಂತು ಹೇಳಬೇಕಾಗಿದ್ದ ಬಳುವಳಿಯನ್ನು ಅವಳು ನನಗೆ ತಿಳಿಸದೆ ಕೊಟ್ಟು ಕಳಿಸಿದ್ದಾಳೆ. ಕೊಟ್ಟದ್ದನ್ನು ತಿರುಗಿ ಕೇಳುವುದು ರೀತಿಯಲ್ಲ, ಕೇಳುವುದಿಲ್ಲ, ಕಲಿಸು ಎಂದೂ ಅನ್ನುವುದಿಲ್ಲ. ಒಂದೇ ಒಂದು ಸಲ ಬಂದು, ಮೂರನ್ನೂ ಮೊದಲಿನಿಂದ ಕೊನೆಯವರೆಗೆ ನನ್ನೆದುರು ಕೂತು ನುಡಿಸು. ಶ್ರುತಿ ನಾನು ಮಾಡಿಟ್ಟಿರುತ್ತೇನೆ. ಮರೆತುಹೋಗಿದೆ ಎಂದು ಬರೆಯಬೇಡ. ಯಾವ ದಿನವಾದರೂ ಬಾ, ಗುರುವಾರ ಮಾತ್ರ ಬೇಡ.